ಬೀಗರ ಬೇಲಿ

ನನ್ನ ಮೇಜಿನ ಮೇಲೆ ಗೇಣುದ್ದದ ಕಟ್ಟಿಗೆಯ ತುಂಡೊಂದಿದೆ. ಒಂದು ಮುಖ ನುಣುಪು, ವಾರ್ನಿಷ್ ಹಚ್ಚಿದ್ದು. ಇನ್ನೊಂದು ಮುಖ ಒರಟು, ಮೊಳೆ ಹೊಡೆದು ಕಿತ್ತ ಎರಡು ತೂತುಗಳಿವೆ. ಸದ್ಯಕ್ಕೆ ಅದು ಕರೆಂಟ್ ಬಿಲ್ಲು ಫ್ಯಾನಿನ ಗಾಳಿಗೆ ಹಾರಿಹೋಗದಂತೆ ಅದರ ಮೇಲೆ ಕೂತಿದೆ. ಮನೆಗೆ ಬಂದವರು ಎತ್ತಿ, ತಿರುಗಿಸಿ ನೋಡಿ, ‘ಏನ್ರಿ ಇದು’ ಎಂದು ಕೇಳುತ್ತಾರೆ. ಬೇಲಿಯ ಸ್ಯಾಂಪಲ್ಲು ಎನ್ನುತ್ತೇನೆ. ಅವರು ಅಷ್ಟಕ್ಕೇ ಸುಮ್ಮನಾಗುತ್ತಾರೆ. ನೀವು ಅಷ್ಟಕ್ಕೇ ಸುಮ್ಮನಾಗುವವರಲ್ಲ ಎಂದು ನಂಬಿ ಉಳಿದದ್ದನ್ನೂ ಹೇಳಿಬಿಡುತ್ತೇನೆ.

ನಮ್ಮದು ಪುಣೆಯ ಹಡಪಸರದಲ್ಲಿ ಹಳೆಯದೊಂದು ರೋ ಹೌಸ್. ಸಾಲಿನ ಮನೆಗಳೆಲ್ಲ ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ಪ್ರತಿಯೊಂದಕ್ಕೂ ಹಿಂದೆ ಎರಡು ಜಮಖಾನೆ ಹಾಸುವಷ್ಟು ಹಿತ್ತಲು. ನಮ್ಮ ಹಿತ್ತಲಿಗೂ ಪಕ್ಕದ ಹಿತ್ತಲಿಗೂ ನಡುವೆ ಇದ್ದದ್ದು ಮೊಣಕಾಲೆತ್ತರದ ತುಕ್ಕು ಹಿಡಿದ ತಂತಿ, ಅಷ್ಟೆ. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ನನಗೆ ನಿವೃತ್ತಿಯ ಬಗ್ಗೆ ಇದ್ದದ್ದು ಒಂದೇ ಕನಸು: ಬೆಳಿಗ್ಗೆ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿಯಲ್ಲಿ ಹಿತ್ತಲಲ್ಲಿ ಕೂತು, ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು ಸೊರ್ ಎಂದು ಕುಡಿಯುತ್ತ ಪೇಪರ್ ಓದುವುದು. ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಎರಡು ವರ್ಷ ಆ ಸುಖವನ್ನು ಪೂರ್ತಿ ಅನುಭವಿಸಿದೆ. ಆಮೇಲೆ ನಾನೇ ಅದರ ಮೇಲೆ ಕಲ್ಲು ಹಾಕಿಕೊಂಡೆ.

ನಮ್ಮ ಒಬ್ಬಳೇ ಮಗಳು ಅಶ್ವಿನಿಯನ್ನು ಚಿಂಚವಾಡದಲ್ಲಿದ್ದ ಚನ್ನಬಸಪ್ಪನವರ ಮಗ ವಿನಾಯಕನಿಗೆ ಕೊಟ್ಟಿದ್ದೇವೆ. ಅವರೂ ನಮ್ಮಂತೆಯೇ ಬಾಗಲಕೋಟೆ ಕಡೆಯವರು, ಮೋಟಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದರು. ಒಂದು ದಿನ ಅವರ ಮನೆಯಲ್ಲಿ ಹೋಳಿಗೆ ಉಂಡು, ಎಲೆಯಡಿಕೆ ಹಾಕಿಕೊಂಡು, ಹೊಟ್ಟೆ ತುಂಬಿದವನ ಉದಾರತೆಯಲ್ಲಿ ನಾನೊಂದು ಮಾತಾಡಿದೆ.

“ನಮ್ಮ ಬಾಜೂ ಮನಿ ಮಾರಾಟಕ್ಕದ ನೋಡ್ರಿ ಬೀಗರ. ನೀವು ಬಂದ್ರ ಭಾಳ ಚಲೋ ಆಗ್ತದ.”

ಇದು ನಮ್ಮ ಕಡೆ ಆಡುವ ಮಾತು. ಹೊರಟು ನಿಂತವರಿಗೆ ‘ಇನ್ನೆರಡು ದಿನ ಇರ್ರೆಲ್ಲ’ ಎನ್ನುತ್ತೇವೆ. ಕೇಳಿದವರು ‘ಆಗ್ಲಿ ಬಿಡ್ರಿ, ನೋಡೂಣು’ ಎಂದು ಚಪ್ಪಲಿ ಮೆಟ್ಟಬೇಕು. ಆದರೆ ಚನ್ನಬಸಪ್ಪನವರು ನೋಡಿಯೇ ಬಿಟ್ಟರು. ವಿನಾಯಕನ ಆಫೀಸೂ ಹಡಪಸರದಲ್ಲೇ ಇತ್ತು. ನಾಲ್ಕು ತಿಂಗಳಿಗೆ ಪಕ್ಕದ ಮನೆಯ ಮುಂದೆ ಸಾಮಾನಿನ ಟೆಂಪೊ ಬಂದು ನಿಂತಿತು. ನನ್ನ ಹೆಂಡತಿ ಸುಮಿತ್ರಾ ಕಿಟಕಿಯಿಂದ ನೋಡುತ್ತ, “ಊಟಕ್ಕ ಕರದು ಬರ್ರಿ ಅಂದ್ರ ಒಕ್ಕಲಕ್ಕ ಕರದು ಬಂದೀರಿ” ಎಂದಳು.

ಬೀಗರು ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ವರ್ಷಕ್ಕೆ ನಾಲ್ಕು ಸಲ ಭೇಟಿಯಾದರೆ ಚಂದ. ಎದ್ದು ನಿಲ್ಲಬೇಕು, ಕೈ ಮುಗಿಯಬೇಕು, ಬರ್ರಿ ಕುಂದರ್ರಿ ಎನ್ನಬೇಕು, ಅವರು ಕೂತ ಮೇಲೆ ಕೂಡಬೇಕು. ನಾವು ಹೆಣ್ಣು ಕೊಟ್ಟವರು, ಒಂದು ಕೈ ಹೆಚ್ಚೇ ಮುಗಿಯಬೇಕು. ಇದನ್ನೆಲ್ಲ ಮೊಣಕಾಲೆತ್ತರದ ತಂತಿಯ ಆಚೀಚೆ ದಿನಾಲೂ ಮಾಡುವ ಕಷ್ಟ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ನಾನು ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟು ಹಾಕಿಕೊಂಡು ಹಿತ್ತಲಿಗೆ ಬರುತ್ತಿದ್ದೆ. ಆಚೆ ಚನ್ನಬಸಪ್ಪನವರು ಬಿಳಿ ಟೊಪ್ಪಿಗೆ ಇಟ್ಟುಕೊಂಡು ತುಳಸಿಗೆ ನೀರು ಹಾಕಲು ಬರುತ್ತಿದ್ದರು.

“ಚಹಾ ಆತೇನ್ರಿ ಬೀಗರ?” ಎಂದು ನಾನು ಏಳುತ್ತಿದ್ದೆ.

“ಆತ್ರಿ, ನಿಮ್ಮದಾತೇನ್ರಿ?” ಎಂದು ಅವರು ತಂಬಿಗೆ ಕೆಳಗಿಟ್ಟು ಕೈ ಮುಗಿಯುತ್ತಿದ್ದರು.

ಅವರು ಒಳಗೆ ಹೋಗಿ ಇನ್ನೊಂದು ತಂಬಿಗೆ ನೀರು ತಂದರೆ ನಾನು ಮತ್ತೆ ಏಳಬೇಕು. ಒಂದು ಬೆಳಿಗ್ಗೆ ನಾವಿಬ್ಬರೂ ಹನ್ನೊಂದು ಸಲ ನಮಸ್ಕಾರ ಮಾಡಿದೆವು. ಪೇಪರಿನ ಮೊದಲ ಪುಟ ಮುಗಿಯಲಿಲ್ಲ. ಆ ಕಡೆ ಅವರ ಹೆಂಡತಿ ಗೌರವ್ವನವರು ಕಂಡರೆ ಸುಮಿತ್ರಾ ಹೊದೆಯಲು ಸೆರಗು ಹುಡುಕುತ್ತಿದ್ದಳು. ನೈಟಿಗೆ ಸೆರಗು ಎಲ್ಲಿಂದ ಬರಬೇಕು. ಹೀಗಾಗಿ ಹಿತ್ತಲಿಗೆ ಹೋಗಿ ಒಂದೆಸಳು ಕರಿಬೇವು ಕೀಳಬೇಕಾದರೂ ಅವಳು ಸೀರೆ ಉಡತೊಡಗಿದಳು.

ಇದೆಲ್ಲ ನಗುವ ಮಾತಾಯಿತು. ನಗಲಾರದ್ದು ಒಂದಿತ್ತು.

ನಮ್ಮ ಅಶ್ವಿನಿಯ ನಗು ದೊಡ್ಡದು. ಸಣ್ಣವಳಿದ್ದಾಗಿನಿಂದಲೂ ಅಷ್ಟೆ, ಮೊದಲು ಮೂಗಿನಲ್ಲಿ ಒಂದು ಸದ್ದು, ಆಮೇಲೆ ಇಡೀ ಮನೆ ತುಂಬುವ ನಗು. ‘ಸಾವಕಾಶ ನಗಬೇ, ಬಸ್ ಸ್ಟ್ಯಾಂಡಿಗೆ ಕೇಳಸ್ತದ’ ಎಂದು ನನ್ನ ಅವ್ವ ಗದರಿಸುತ್ತಿದ್ದಳು. ಮದುವೆಯಾಗಿ ಚಿಂಚವಾಡಕ್ಕೆ ಹೋದ ಮೇಲೂ ದಿನಕ್ಕೊಮ್ಮೆ ಫೋನಿನಲ್ಲಿ ಆ ನಗು ಬರುತ್ತಿತ್ತು. ಪಕ್ಕದ ಮನೆಗೇ ಬಂದ ಮೇಲೆ ಫೋನು ನಿಂತಿತು. ಅದರೊಂದಿಗೆ ನಗುವೂ ನಿಂತಿತು. ಹಿತ್ತಲಲ್ಲಿ ಬಟ್ಟೆ ಒಣಹಾಕಲು ಬಂದವಳು ನಮ್ಮನ್ನು ಕಂಡರೆ ತಲೆ ತಗ್ಗಿಸುತ್ತಿದ್ದಳು.

“ಆರಾಮದೀಯೇನವಾ?” ಎಂದು ತಂತಿಯ ಈಚೆಯಿಂದ ಕೇಳುತ್ತಿದ್ದೆ.

“ಆರಾಮದೀನಪ್ಪಾ” ಎಂದು ಅತ್ತೆಯ ಕಡೆಗೊಮ್ಮೆ ನೋಡಿ ಒಳಗೆ ಹೋಗುತ್ತಿದ್ದಳು.

ಅತ್ತೆಯೂ ನಗುತ್ತಿರಲಿಲ್ಲ. ಗೌರವ್ವನವರು ಯಾವಾಗಲೂ ಗಂಭೀರವಾಗಿ, ಸೆರಗು ಸರಿ ಮಾಡಿಕೊಳ್ಳುತ್ತ ನಿಂತಿರುತ್ತಿದ್ದರು. “ಆ ಮನ್ಯಾಗ ನಗೂ ಹಂಗಿಲ್ಲೋ ಏನೋ” ಎಂದು ಸುಮಿತ್ರಾ ಒಂದು ದಿನ ಅಂದಳು. ಆಮೇಲೆ ಆ ಮಾತು ನಮ್ಮಿಬ್ಬರ ನಡುವಿನಿಂದ ಎದ್ದುಹೋಗಲೇ ಇಲ್ಲ. ದೂರವಿದ್ದಾಗ ಮಗಳು ಸುಖವಾಗಿದ್ದಾಳೆಂದು ನಂಬಿದ್ದೆವು. ಕಣ್ಣೆದುರಿಗೆ ಬಂದ ಮೇಲೆ ಸಂಶಯ ಶುರುವಾಯಿತು.

ಇಂಥದರಲ್ಲಿ ನಾನು ಬೇಲಿಯ ಮಾತು ತೆಗೆದೆ. ಆಳೆತ್ತರದ ಕಟ್ಟಿಗೆಯ ಬೇಲಿ ಹಾಕಿಸಿಬಿಟ್ಟರೆ ನನ್ನ ಬನಿಯನ್ನು ನನಗೆ ಮರಳಿ ಸಿಗುತ್ತಿತ್ತು. ಸುಮಿತ್ರಾ ಕಣ್ಣಲ್ಲಿ ನೀರು ತಂದುಕೊಂಡಳು. “ನಿಮಗ ಬನಿಯನ್ನಿನ ಚಿಂತಿ. ಈಗರೆ ದಿನಕ್ಕೊಮ್ಮೆ ಮಗಳ ಮಾರಿ ಕಾಣಸ್ತದ. ಬ್ಯಾಲಿ ಹಾಕಿದ್ರ ಅದೂ ಇಲ್ಲ.”

ನಾನು ಕಚೇರಿಯ ಹಳೆಯ ಚಾಳಿಯಂತೆ ಒಂದು ಹಾಳೆ ತೆಗೆದುಕೊಂಡು, ನಡುವೆ ಗೆರೆ ಹೊಡೆದು, ಬೇಲಿಯ ನಮೂನೆಗಳನ್ನು ಬರೆಯುತ್ತ ಕೂತೆ. ಉದ್ದುದ್ದ ಹಲಗೆಗಳನ್ನು ಒತ್ತಾಗಿ ನಿಲ್ಲಿಸಿದ್ದು: ಏನೂ ಕಾಣುವುದಿಲ್ಲ, ಆದರೆ ನೋಡಿದವರು ಎರಡು ಮನೆಗೂ ಕೋರ್ಟಿನಲ್ಲಿ ಕೇಸು ನಡೆದಿದೆ ಎಂದುಕೊಳ್ಳುತ್ತಾರೆ. ಚೌಕಳಿ ಜಾಳಿಗೆಯದು: ಮಗಳು ಕಾಣುತ್ತಾಳೆ, ಆದರೆ ಬೀಗರೂ ಕಾಣುತ್ತಾರೆ, ಅದೂ ಚೌಕ ಚೌಕವಾಗಿ. ಅಡ್ಡ ಪಟ್ಟಿಗಳದು: ಇದು ಸುಮಿತ್ರಾಗೆ ಸ್ವಲ್ಪ ಸೇರಿತು. ಶಾವಿಗೆ ಹೊಸೆದು ಪಟ್ಟಿಗಳ ಮೇಲೆ ಒಣಹಾಕಬಹುದು ಎಂದಳು. ಆದರೆ ಸಾಲಿನ ಬೆಕ್ಕುಗಳಿಗೆಲ್ಲ ಏಣಿ ಕಟ್ಟಿಕೊಟ್ಟಂತಾಗುತ್ತದೆ ಎಂದು ಅವಳೇ ಬಿಟ್ಟಳು. ಮೇಲ್ತುದಿ ಚೂಪಾಗಿರುವ ಗಿಡ್ಡ ಬೇಲಿ ಚಿತ್ರದಲ್ಲಿ ಚಂದ, ಅದರ ಹಿಂದೆ ಕೂತ ನಾನು ಚಂದವಲ್ಲ. ಹಾಳೆ ತುಂಬಿತು, ನಿರ್ಣಯ ಮಾತ್ರ ಆಗಲಿಲ್ಲ.

ಹಾಗೆಂದು ಬೇಲಿಯ ವಿಷಯದಲ್ಲಿ ನನಗೆ ಅನುಭವ ಇಲ್ಲವೆಂದಲ್ಲ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಬಚ್ಚಲು ಹಿತ್ತಲಲ್ಲಿತ್ತು. ಒಂದು ಚಪ್ಪಡಿಕಲ್ಲು, ಮೂರು ಕಡೆ ಜೋಳದ ದಂಟಿನ ತಟ್ಟಿ, ಮೇಲೆ ಆಕಾಶ. ಸುಗ್ಗಿ ಮುಗಿದ ಕೂಡಲೇ ಅಪ್ಪ ಹೊಸ ತಟ್ಟಿ ಕಟ್ಟುತ್ತಿದ್ದ. ಅದರ ಸಂದಿಯಲ್ಲಿ ಗುಬ್ಬಿಗಳು ಉಳಿದ ಕಾಳು ಹೆಕ್ಕುತ್ತಿದ್ದವು. ಬೆಳಗಿನ ಬಿಸಿಲು ದಂಟುಗಳ ನಡುವಿನಿಂದ ಬಂದು ಬೆನ್ನ ಮೇಲೆ ಗೆರೆಗೆರೆಯಾಗಿ ಬೀಳುತ್ತಿತ್ತು. ಆ ಬಚ್ಚಲಲ್ಲಿ ಸ್ನಾನ ಮಾಡಿದಷ್ಟು ಹಿತವಾಗಿ ನಾನು ಮುಂದೆ ಯಾವ ಟೈಲ್ಸಿನ ಬಾತ್‌ರೂಮಿನಲ್ಲೂ ಮಾಡಿಲ್ಲ.

ನಮ್ಮ ಸಣ್ಣತ್ತೆಯ ಗಂಡ ಮದುವೆಯಾದ ವರ್ಷದ ದೀಪಾವಳಿಗೆ ಬಂದಿದ್ದರು. ಹೊಸ ಅಳಿಯ, ಭಾರೀ ಮರ್ಯಾದೆಯ ಮನುಷ್ಯ. ಎಣ್ಣೆ ಹಚ್ಚಿಸಿಕೊಂಡು ಬಚ್ಚಲಿಗೆ ಹೋದರು. ಅವರು ಸ್ನಾನಕ್ಕೆ ಕೂತ ಹೊತ್ತಿನಲ್ಲೇ ನಮ್ಮ ಎಮ್ಮೆ ಹಗ್ಗ ಕಳಚಿಕೊಂಡು ಬಂದು ತಟ್ಟಿಗೆ ಬಾಯಿ ಹಾಕಿತು. ಅದರ ಪಾಲಿಗೆ ಅದು ಮೇವು. ಮೇಲಿನಿಂದ ತಿನ್ನುತ್ತ ಬಂತು. ಪಡಸಾಲೆಯಲ್ಲಿದ್ದ ನಮಗೆ ಮೊದಲು ಅಳಿಯನ ತಲೆ ಕಂಡಿತು, ಆಮೇಲೆ ಹೆಗಲು. ಅವರು ಚಕಾರ ಎತ್ತಲಿಲ್ಲ. ಎಮ್ಮೆ ತಿಂದಷ್ಟೂ ತಗ್ಗುತ್ತ, ತಗ್ಗುತ್ತಲೇ ನೀರು ಹಾಕಿಕೊಳ್ಳುತ್ತಿದ್ದರು. ಅಜ್ಜಿ ಗೋಡೆಯ ಕಡೆಗೆ ಮುಖ ಮಾಡಿ ನಿಂತು, “ಯಾರರೆ ಎಮ್ಮಿ ಕಟ್ಟ್ರೋ” ಎಂದು ಕೂಗಿದಳು. ಊಟದ ಹೊತ್ತಿಗೆ ಅಪ್ಪ, ಒಂದು ಸಲ ಹಚಾ ಅಂದಿದ್ದರೆ ಎಮ್ಮೆ ಹೋಗುತ್ತಿತ್ತಲ್ಲ ಎಂದ. ಅಳಿಯ ತಲೆ ತಗ್ಗಿಸಿಕೊಂಡೇ ಹೇಳಿದರು:

“ನಿಮ್ಮ ಎಮ್ಮೀಗೆ ನಾ ಹೆಂಗ ಬೈಲಿ?”

ಐವತ್ತು ವರ್ಷ ಈ ಮಾತನ್ನು ನೆನೆದು ನಕ್ಕಿದ್ದೇನೆ. ಈಗ ನಾನೂ ಅದೇ ಚಪ್ಪಡಿಕಲ್ಲಿನ ಮೇಲೆ ಕೂತಿದ್ದೆ. ನಮ್ಮ ನಡುವೆ ಬೇಲಿ ಬೇಕು ಎಂದು ಬೀಗರಿಗೆ ಯಾವ ಬಾಯಿಂದ ಹೇಳುವುದು. ಅವರಿಗೆ ಒಂದಿಷ್ಟು ಬೇಸರವಾದರೆ ಅದು ನನ್ನ ಮೇಲೆ ಬೀಳುವುದಿಲ್ಲ, ಅದೇ ಮನೆಯಲ್ಲಿರುವ ಮಗಳ ಮೇಲೆ ಬೀಳುತ್ತದೆ.

ಬೀಗರು ಸೋಲಾಪುರಕ್ಕೆ ಯಾವುದೋ ಮದುವೆಗೆ ಹೋದ ದಿನ ನೋಡಿ, ನಮ್ಮ ಸಾಲಿನವರೆಲ್ಲ ಕರೆಸುವ ಪಾಂಡುಭಾವು ಎಂಬ ಬಡಗಿಯನ್ನು ಯೆರವಡಾದಿಂದ ಕರೆಸಿದೆ. ಕಳ್ಳನಿಗೆ ದಾರಿ ತೋರಿಸುವವನಂತೆ ಅವನನ್ನು ಹಿತ್ತಲಿಗೆ ಕರೆದೊಯ್ದು, ಅಳತೆ ತೆಗೆದುಕೋ ಎಂದು ಮೆಲ್ಲಗೆ ಮರಾಠಿಯಲ್ಲಿ ಹೇಳಿದೆ. ಅವನು ಟೇಪು ಹೊರಗೆ ತೆಗೆಯಲೇ ಇಲ್ಲ. ಕಿಸೆಯಿಂದ ಪುಸ್ತಕ ತೆಗೆದು, ಎರಡು ಹಾಳೆ ತಿರುವಿ, “ಮಾಪ ಝಾಲಂಯ, ಕಾಕಾ” ಎಂದ. ಅಳತೆ ಆಗಿದೆಯಂತೆ. ಯಾವಾಗ ಎಂದೆ. ಅವನು ನಾಲಿಗೆ ಕಚ್ಚಿಕೊಂಡು ಆಚೆಮನೆಯ ಕಡೆ ನೋಡಿದ. ಹಿಂದಿನ ವಾರ ನಾವು ಹಲ್ಲಿನ ಡಾಕ್ಟರ ಬಳಿ ಹೋಗಿದ್ದಾಗ ಚನ್ನಬಸಪ್ಪನವರು ಅವನನ್ನು ಕರೆಸಿದ್ದರು. ಈಚೆಮನೆಯವರಿಗೆ ಹೇಳಕೂಡದು, ಅವರು ಹೆಣ್ಣು ಕೊಟ್ಟವರು, ನೊಂದುಕೊಳ್ಳುತ್ತಾರೆ ಎಂದು ಎರಡೆರಡು ಸಲ ತಾಕೀತು ಮಾಡಿದ್ದರಂತೆ.

ನನಗೆ ಮೊದಲು ಸಿಟ್ಟೇ ಬಂತು. ನಮ್ಮನ್ನು ನೋಡಲಾಗದಷ್ಟು ನಾವೇನು ಮಾಡಿದ್ದೇವೆ ಎಂದುಕೊಂಡೆ. ನಾನು ಮಾಡುತ್ತಿರುವುದೂ ಅದನ್ನೇ ಎಂಬುದು ಹೊಳೆಯಲು ಒಂದು ಕಪ್ ಚಹಾ ಬೇಕಾಯಿತು. ಆಮೇಲೆ ಮಾತ್ರ ನಗು ಬಂತು. ಆ ಟೊಪ್ಪಿಗೆಯ ಕೆಳಗೂ ಒಬ್ಬ ಬೆವರುತ್ತಿದ್ದಾನೆ ಎಂದು ಮೊದಲ ಸಲ ಅನಿಸಿತು.

ಅವರು ಸೋಲಾಪುರದಿಂದ ಬಂದ ಮರುದಿನ, ಮೂರನೆಯ ನಮಸ್ಕಾರದ ನಂತರ, ನಾನು ಧೈರ್ಯ ಮಾಡಿದೆ.

“ಈ ಕಡೆ ಧೂಳ ಭಾಳ ಆಗೇದ ನೋಡ್ರಿ ಬೀಗರ.”

“ಭಾಳ ಧೂಳ್ರಿ” ಎಂದು ಅವರು ತಕ್ಷಣ ಒಪ್ಪಿದರು. “ನಾನೂ ಹೇಳ್ಬೇಕಂತಿದ್ದೆ.”

“ಒಂದು ಕಟ್ಟಿಗಿ ಬ್ಯಾಲಿ ಹಾಕಿದ್ರ ಧೂಳು ತಡೀತದೇನೋ.”

“ಧೂಳಿಗೆ ಕಟ್ಟಿಗಿನs ಬೇಕ್ರಿ. ತಂತಿ ಏನ್ ತಡೀತದ?”

ಅವರ ಹಿತ್ತಲಿನಿಂದ ನಮ್ಮ ಹಿತ್ತಲಿಗೆ ಬರುವ ಧೂಳು ಎಲ್ಲಿಯದು ಎಂದು ಇಬ್ಬರೂ ಕೇಳಲಿಲ್ಲ. ಇಬ್ಬರಿಗೂ ಹೋದ ಜೀವ ಬಂದಂತಾಗಿತ್ತು.

ಕೆಲಸ ಶುರುವಾಗಬೇಕು, ಅಷ್ಟರಲ್ಲಿ ಪಾಂಡುಭಾವು ಒಂದು ಪ್ರಶ್ನೆ ಕೇಳಿದ. “ಕಾಕಾ, ಚಾಂಗಲೀ ಬಾಜೂ ಕುಣಾಕಡೇ?” ಒಳ್ಳೆಯ ಮಗ್ಗಲು ಯಾರ ಕಡೆಗೆ? ಬೇಲಿಗೂ ಮುಖ, ಬೆನ್ನು ಇರುತ್ತವೆಂದು ನನಗೆ ಅಂದೇ ಗೊತ್ತಾದದ್ದು. ಒಂದು ಕಡೆ ಹಲಗೆಗಳ ನುಣುಪು ಮುಖ ಬರುತ್ತದೆ. ಇನ್ನೊಂದು ಕಡೆ ಕಂಬ, ಅಡ್ಡಪಟ್ಟಿ, ಮೊಳೆಯ ತುದಿಗಳು.

“ಇದೇನ್ ಕೇಳೂ ಮಾತು, ಅವರ ಕಡೆ” ಎಂದೆ ನಾನು. ಹೆಣ್ಣಿನ ಕಡೆಯವರು ಬೀಗರಿಗೆ ಬೇಲಿಯ ಬೆನ್ನು ತೋರಿಸುವುದುಂಟೇ.

“ಸಾಧ್ಯನs ಇಲ್ರಿ” ಎಂದರು ಚನ್ನಬಸಪ್ಪನವರು. “ನೀವು ನಮಗಿಂತ ಮೊದಲಿಂದ ಇಲ್ಲಿರವ್ರು. ಮ್ಯಾಲ ನಮಗ ಹೆಣ್ಣು ಕೊಟ್ಟೀರಿ. ಚಲೋ ಮಗ್ಗಲು ನಿಮ್ಮ ಕಡೆ.”

“ಬ್ಯಾಡ್ರಿ ಬೀಗರ, ನಂದೊಂದು ಮಾತು ನಡಸ್ರಿ.”

“ನೀವು ನಂದು ನಡಸ್ರಿ.”

ಎರಡು ದಿನ ನಡೆಯಿತು ಇದು. ಗೌರವ್ವನವರು ಸುಮಿತ್ರಾಗೆ ಕೈ ಮುಗಿದರು. ಸುಮಿತ್ರಾ ಗೌರವ್ವನವರಿಗೆ ಕೈ ಮುಗಿದಳು. ಅಶ್ವಿನಿ ಬಾಗಿಲಲ್ಲಿ ನಿಂತು ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ಒಳಗೆ ಓಡಿದಳು. ಮಗಳು ಅಳುತ್ತಿದ್ದಾಳೆ ಎಂದುಕೊಂಡೆ. ಹಲಗೆಗಳೆಲ್ಲ ನೆಲದ ಮೇಲೆ ಬಿದ್ದಿದ್ದವು.

ಮೂರನೆಯ ದಿನ ಪಾಂಡುಭಾವುವಿನ ತಾಳ್ಮೆ ಮುಗಿಯಿತು. ಮಾತಾಡದೆ ಎರಡು ಕಂಬ ನೆಟ್ಟು ನಡುವೆ ಅಡ್ಡಪಟ್ಟಿ ಬಡಿದ. ಒಂದು ಹಲಗೆಯನ್ನು ನಮ್ಮ ಕಡೆಯಿಂದ ಹೊಡೆದ. ಒಂದು ಹಲಗೆಯಗಲಕ್ಕಿಂತ ತುಸು ಕಡಿಮೆ ಜಾಗ ಬಿಟ್ಟು, ಆ ತೆರಪನ್ನು ಮುಚ್ಚುವಂತೆ ಇನ್ನೊಂದನ್ನು ಅವರ ಕಡೆಯಿಂದ ಹೊಡೆದ. ಹೀಗೆ ಒಂದು ಆಚೆ, ಒಂದು ಈಚೆ ಐದಾರು ಹಲಗೆ ಹೊಡೆದು ಪಕ್ಕಕ್ಕೆ ಸರಿದು, ಬೆವರು ಒರೆಸಿಕೊಂಡು, “ಆತಾ ಸಾಂಗಾ” ಎಂದ. ಈಗ ಹೇಳಿ, ಒಳ್ಳೆಯ ಮಗ್ಗಲು ಯಾವುದು?

ನಾವು ನಾಲ್ವರೂ ಆಚೆ ಈಚೆ ಓಡಾಡಿ ನೋಡಿದೆವು. ಎರಡು ಕಡೆಯೂ ಒಂದೇ. ನೇರವಾಗಿ ನೋಡಿದರೆ ಏನೂ ಕಾಣುವುದಿಲ್ಲ, ಹಲಗೆಗಳ ನಡುವೆ ಗಾಳಿ ಮಾತ್ರ ಆಡುತ್ತದೆ. ಚನ್ನಬಸಪ್ಪನವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಬಿಟ್ಟುಕೊಡಲು ಇಬ್ಬರಿಗೂ ಏನೂ ಉಳಿದಿರಲಿಲ್ಲ. ಸುಮಿತ್ರಾ ಒಬ್ಬಳೇ ಸಪ್ಪೆ ಮುಖ ಮಾಡಿಕೊಂಡು ಕರಿಬೇವಿನ ಗಿಡದ ಹತ್ತಿರ ಹೋಗಿ, ಹಲಗೆಗೆ ಕೆನ್ನೆ ಒತ್ತಿ ನಿಂತಳು. ಆಮೇಲೆ ನನ್ನ ಕಿವಿಯಲ್ಲಿ, “ಇಲ್ಲಿಂದ ಓರೆಯಾಗಿ ನೋಡಿದ್ರ ಅವರ ಬಟ್ಟಿ ಒಣಹಾಕೂ ಹಗ್ಗ ಕಾಣಸ್ತದ. ಇದನ್ನs ಹಾಕಸ್ರಿ” ಎಂದಳು. ಅವಳ ಸಂದಿಯನ್ನು ಅವಳು ಹುಡುಕಿಕೊಂಡಿದ್ದಳು. ಅಂತರ ನೋಡಲೆಂದು ಪಾಂಡುಭಾವು ಮೊದಲು ಬಡಿದು ಕಿತ್ತಿದ್ದ ಹಲಗೆಯ ತುಂಡೊಂದನ್ನು ನಾನು ಎತ್ತಿಟ್ಟುಕೊಂಡೆ. ಅದೇ ಈಗ ಮೇಜಿನ ಮೇಲಿರುವುದು.

ಬೇಲಿ ಮುಗಿದ ಮರುದಿನ ಬೆಳಿಗ್ಗೆ ಬನಿಯನ್ನು, ಚಡ್ಡಿ ಹಾಕಿಕೊಂಡು, ಬಸಿಯಲ್ಲಿ ಚಹಾ ಸುರುವಿಕೊಂಡು ಹಿತ್ತಲಲ್ಲಿ ಕೂತೆ. ಬಿಸಿಲು ಹಲಗೆಗಳ ಸಂದಿಯಿಂದ ಬಂದು ಪೇಪರಿನ ಮೇಲೆ ಗೆರೆಗೆರೆಯಾಗಿ ಬಿದ್ದಿತ್ತು. ಆ ಹಳೆಯ ಬಚ್ಚಲಿನ ಬಿಸಿಲಿನಂತೆಯೇ ಇತ್ತು. ಆದರೂ ಪೇಪರಿನಲ್ಲಿ ಮನಸ್ಸು ನಿಲ್ಲಲಿಲ್ಲ. ನನ್ನ ಬನಿಯನ್ನಿನ ಸಲುವಾಗಿ ಮಗಳನ್ನು ಬೇಲಿಯ ಆಚೆಗೆ ಹಾಕಿ ಕೂತೆನಲ್ಲ ಎಂದು ಕೆಡುಕೆನಿಸಿತು. ಚಹಾ ಬಸಿಯಲ್ಲೇ ಆರುತ್ತಿತ್ತು.

ಆಗ ಆಚೆಯಿಂದ ಅಶ್ವಿನಿಯ ದನಿ ಕೇಳಿಸಿತು. ಹಗ್ಗದ ಹತ್ತಿರವೇ ಎಲ್ಲೋ ಇದ್ದಳು.

“ಅತ್ತೀ, ಇಲ್ಲಿ ನೋಡ್ರಿ. ನಮ್ಮಪ್ಪ ಹಿಂಗ ಏಳ್ತಾನ. ಮೊದಲ ಪೇಪರ್ ಮಡಚೂದು. ಆಮ್ಯಾಲ ಚಹಾದ ಬಸಿ ಎಲ್ಲಿಡ್ಲಿ ಅಂತ ಹುಡುಕೂದು. ಆಮ್ಯಾಲ ಕೈ ಮುಗಿಯೂದು. ಮುಗದು ಕುಂಡ್ರೂದ್ರಾಗ ಮಾವಾರು ಮತ್ತ ತಂಬಗಿ ತರ್ತಾರ.”

“ಸಾಕ್ ಮಾಡs, ಹೊಟ್ಟಿ ಹಿಡದದ ನನಗ” ಎಂದಿತು ಇನ್ನೊಂದು ದನಿ. ಅದು ಗೌರವ್ವನವರದೆಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು. ಅವರು ಬಿದ್ದು ಬಿದ್ದು ನಗುತ್ತಿದ್ದರು.

“ನಾ ಹೆಂಗ ಮುಗೀತೀನಿ, ಅದನ್ನೂ ತೋರ್ಸವಾ” ಎಂದರು ಚನ್ನಬಸಪ್ಪನವರು.

“ನೀವು ಮಾವಾರ, ಮೊದಲ ಟೊಪಗಿ ಮುಟ್ಟಿ ನೋಡ್ಕೋತೀರಿ.”

ಮೂಗಿನಲ್ಲಿ ಒಂದು ಸದ್ದಾಯಿತು. ಆಮೇಲೆ ಆ ನಗು ಬಂತು. ಅದೇ ನಗು, ಒಂದು ಎಳೆಯೂ ಕಮ್ಮಿಯಾಗಿರಲಿಲ್ಲ. ಅಂದರೆ ಮೂರನೆಯ ಮಾಳಿಗೆಯಲ್ಲಿ ಇಷ್ಟು ದಿನ ಇವರು ಹೀಗೇ ಇದ್ದರು. ಕೆಳಗಿಳಿದು ನಮ್ಮ ಕಣ್ಣೆದುರಿಗೆ ಬಂದ ಮೇಲೆ, ನಮಗೆ ಕೆಟ್ಟ ಹೆಸರು ಬರಬಾರದೆಂದು ಇವಳು ತಲೆ ತಗ್ಗಿಸಿದ್ದಳು. ಸೊಸೆಯ ತವರಿನವರ ಮುಂದೆ ಹಗುರಾಗಬಾರದೆಂದು ಅವರು ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಆ ಮನೆಯ ನಗುವಿಗೆ ಅಡ್ಡ ನಿಂತವರು ನಾವೇ, ನಾನು ಮತ್ತು ನನ್ನ ಇಸ್ತ್ರಿ ಅಂಗಿ.

ಸುಮಿತ್ರಾ ಕೈಯಲ್ಲಿ ಸೌಟು ಹಿಡಿದು ಹಿತ್ತಲಿಗೆ ಬಂದಿದ್ದಳು, ನೈಟಿಯಲ್ಲಿ. ಕರಿಬೇವಿನ ಗಿಡದ ಹತ್ತಿರ ಹೋಗಿ ನಿಂತಳು, ಆದರೆ ಓರೆಯಾಗಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಕಣ್ಣೊರೆಸಿಕೊಂಡು, “ಸಾವಕಾಶ ನಗಬೇ, ಬಸ್ ಸ್ಟ್ಯಾಂಡಿಗೆ ಕೇಳಸ್ತದ” ಎಂದು ಬೇಲಿಗೆ ಕೇಳುವಷ್ಟು ಗಟ್ಟಿಯಾಗಿಯೇ ಅಂದಳು.

ಆಚೆ ಒಮ್ಮೆಲೇ ಸದ್ದಡಗಿತು. ಹಲಗೆಗಳ ಸಂದಿಯಲ್ಲಿ ಬರೀ ಗಾಳಿ. ಏನಾದರೂ ಅನ್ನಬೇಕಾಗಿತ್ತು. ನನಗೆ ಗೊತ್ತಿರುವ ಮಾತು ಒಂದೇ.

“ಚಹಾ ಆತೇನ್ರಿ ಬೀಗರ?”

“ಆತ್ರಿ” ಎಂದರು ಚನ್ನಬಸಪ್ಪನವರು. ಆಮೇಲೆ ನಗು ಹಿಡಿದುಕೊಂಡ ದನಿಯಲ್ಲಿ, “ನೀವು ಏಳಬ್ಯಾಡ್ರಿ, ಕುಂತs ಇರ್ರಿ” ಎಂದರು.

ಅಷ್ಟು ಹೊತ್ತಿಗೆ ನಾನು ಪೇಪರ್ ಮಡಚಿ, ಬಸಿ ಕೆಳಗಿಟ್ಟು, ಎದ್ದು ನಿಂತು, ಬನಿಯನ್ನಿನಲ್ಲೇ ಬೇಲಿಗೆ ಕೈ ಮುಗಿದಾಗಿತ್ತು.